ಪ್ರಸಂಗಕ್ಕೆ ಮತ್ತೆ ಜೀವ ಬಂದ ಬಗೆ

ಚರ್ಚಿನಲ್ಲಿ ಭಾನುವಾರ ಮಾಡುವ ಪ್ರಸಂಗ, ಅಂದರೆ ಬೋಧನೆ, ಬರೆಯಲು ಕುಳಿತರೆ ಬೈಬಲಿನಲ್ಲಿರುವ ಪೌಲನ ಪತ್ರಿಕೆಗಳೇ (ಕಾಗದಗಳೇ) ಕೈಗೆ ಬರುತ್ತಿದ್ದವು. ಮಾತು ಸರಾಗ, ಆದರೆ ನನಗೇ ಸಪ್ಪೆ. ದಾರಿ ತೋರಿಸಿದ್ದು ಯಾವ ಭಾನುವಾರ ಬೈಬಲಿನ ಯಾವ ಭಾಗ ಓದಬೇಕೆಂದು ಹೇಳುವ ಮೂರು ವರ್ಷಗಳ ವಾಚನಪಟ್ಟಿ: ಒಂದು ವರ್ಷ ಮತ್ತಾಯನ ಸುವಾರ್ತೆ, ಮುಂದೆ ಮಾರ್ಕನದು, ಆಮೇಲೆ ಲೂಕನದು, ಜೊತೆಗೆ ಹಳೆಯ ಒಡಂಬಡಿಕೆ, ಕೀರ್ತನೆ, ಪತ್ರಿಕೆ. ವಾಕ್ಯಭಾಗದ ಆಯ್ಕೆ ನನ್ನ ಕೈಯಿಂದ ಹೋಯಿತು, ಅದೇ ಒಳ್ಳೆಯದಾಯಿತು.

ಆ ಪಟ್ಟಿಯೂ ಹಳೆಯ ಒಡಂಬಡಿಕೆಯ ಶೋಕಗೀತೆಗಳ ಪುಸ್ತಕವಾದ ಪ್ರಲಾಪಗಳನ್ನು ಅಪರೂಪಕ್ಕೆ ಮುಟ್ಟುತ್ತದೆ. ಹಾಗಾಗಿ ಶುಭಶುಕ್ರವಾರಕ್ಕೆ ಮುಂಚಿನ ಸಂಜೆಕೂಟಗಳಲ್ಲಿ ಅದರ ಐದೂ ಅಧ್ಯಾಯಗಳನ್ನು ಓದಿದೆವು. ದೇವರ ಕರುಣೆ ದಿನದಿನವೂ ಹೊಸದು ಎಂಬ ಮಾತು ಅಲ್ಲಿ ಬರುವುದು ಹಾಳುಬಿದ್ದ ಯೆರೂಸಲೇಮಿನ ಗೋಳಿನ ನಡುವೆ. ಮಗನನ್ನು ಕಳೆದುಕೊಂಡ ಅಜ್ಜಿಯೊಬ್ಬರು, "ಅಯ್ಯನವರೇ, ಅದನ್ನು ಇನ್ನೊಮ್ಮೆ ಓದಿ" ಎಂದರು.

ಈಗ ಸೋಮವಾರವೇ ವಾಕ್ಯಭಾಗ ಓದಿಕೊಂಡು ಮನೆಗಳ ಭೇಟಿಗೆ ಹೊರಡುತ್ತೇನೆ. ಬರೆಯಲು ಕೂರುವುದು ಗುರುವಾರ.