ಹಳೆಯ ಭಾಗಗಳ ಕಂಪ್ಯೂಟರ್ ಕೈಕೊಟ್ಟರೆ

ಮದರ್‌ಬೋರ್ಡು ಬೆಂಗಳೂರಿನ ಎಸ್.ಪಿ. ರಸ್ತೆಯದು, ಗ್ರಾಫಿಕ್ಸ್ ಕಾರ್ಡು ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನದು, ಎಲ್ಲಕ್ಕೂ ವಿದ್ಯುತ್ ಹಂಚುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಸೋದರಮಾವನ ಮನೆಯ ಅಟ್ಟದ್ದು. ರಾಯಚೂರಿನ ವಿದ್ಯಾರ್ಥಿಯೊಬ್ಬ ಕಡಿಮೆ ಖರ್ಚಿನಲ್ಲಿ ಜೋಡಿಸಿಕೊಳ್ಳುವ ಕಂಪ್ಯೂಟರಿನ ವಂಶಾವಳಿ ಹೀಗಿರುವುದುಂಟು. ಅದು ಕೈಕೊಟ್ಟಾಗ ಎಲ್ಲರೂ ಬೆರಳು ತೋರಿಸುವುದು ದುಬಾರಿ ಗ್ರಾಫಿಕ್ಸ್ ಕಾರ್ಡಿನತ್ತ. ನನ್ನ ಅನುಮಾನದ ಪಟ್ಟಿಯಲ್ಲಿ ಅದು ಕೊನೆಗೆ ಬರುತ್ತದೆ. ಮೊದಲ ಹೆಸರು ಯಾರೂ ದುಡ್ಡು ಹಾಕಲು ಬಯಸದ ಎಸ್‌ಎಂಪಿಎಸ್‌ನದು. ಆದರೆ ಪರೀಕ್ಷೆಯನ್ನು ಖರ್ಚಿಲ್ಲದ ಕಡೆಯಿಂದ ಶುರು ಮಾಡೋಣ.

ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಇಲ್ಲ

ಮೊದಲು ಕೇಬಲ್ ನೋಡಿ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾನಿಟರಿನ ಕೇಬಲ್ ಆ ಕಾರ್ಡಿಗೇ ಹೋಗಬೇಕು, ಬೋರ್ಡಿಗಲ್ಲ. ಕಾರ್ಡ್ ತೆಗೆದು ಪರೀಕ್ಷಿಸುವ ಮುನ್ನ ಪ್ರೊಸೆಸರಿನ ಹೆಸರನ್ನು ಓದಿ. 12400ಎಫ್‌ನಂತೆ ಎಫ್ ಅಕ್ಷರವಿರುವ ಇಂಟೆಲ್ ಪ್ರೊಸೆಸರುಗಳಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ. ಎಎಂಡಿ ಕಂಪನಿಯ ರೈಜನ್ 5600ರಲ್ಲೂ ಇಲ್ಲ, 5600ಜಿಯಲ್ಲಿ ಇದೆ. ಒಳಗಿನ ಗ್ರಾಫಿಕ್ಸ್ ಇಲ್ಲದವು ಕಾರ್ಡಿಲ್ಲದೆ ಕಪ್ಪು ಪರದೆ ತೋರಿಸಿದರೆ ಅದು ದೋಷವಲ್ಲ.

ಈಗ ಗೋಡೆಯ ಸ್ವಿಚ್ ಆರಿಸಿ, ವೈರ್ ಕಿತ್ತು, ಕಂಪ್ಯೂಟರಿನ ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿದು ಉಳಿದ ವಿದ್ಯುತ್ ಇಳಿಸಿ. ಕ್ಯಾಬಿನೆಟ್ ಬಿಚ್ಚಿ, ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಎಂದಿಗೂ ಬಿಚ್ಚಬೇಡಿ, ವೈರ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಬೋರ್ಡು, ಹೀಟ್‌ಸಿಂಕ್ ಸಮೇತ ಪ್ರೊಸೆಸರ್, ಒಂದೇ ಒಂದು ರ್ಯಾಮ್, ಎಸ್‌ಎಂಪಿಎಸ್ ಇಷ್ಟನ್ನು ಉಳಿಸಿ. ಒಳಗಿನ ಗ್ರಾಫಿಕ್ಸ್ ಇಲ್ಲದಿದ್ದರೆ ಕಾರ್ಡೂ ಇರಲಿ. ಹಾರ್ಡ್ ಡಿಸ್ಕ್, ವೈಫೈ ಕಾರ್ಡ್, ಯುಎಸ್‌ಬಿ ಸಾಮಾನು ಎಲ್ಲವೂ ಹೊರಗೆ.

ರ್ಯಾಮಿನ ಚಿನ್ನದ ಬಣ್ಣದ ಅಂಚನ್ನು ಮೆತ್ತನೆಯ ರಬ್ಬರಿನಿಂದ ಮೃದುವಾಗಿ ಉಜ್ಜಿ, ಪುಡಿ ಕೊಡವಿ, ಟಕ್ ಎನ್ನುವವರೆಗೆ ಒತ್ತಿ ಕೂರಿಸಿ. ನಾಲ್ಕು ಸ್ಲಾಟಿನ ಬೋರ್ಡಾದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯದನ್ನು ಬಳಸಬೇಕು. ಪ್ರೊಸೆಸರಿನ ಪಕ್ಕದ ನಾಲ್ಕು ಅಥವಾ ಎಂಟು ಪಿನ್ನಿನ ವಿದ್ಯುತ್ ಕೇಬಲ್ ಮರೆತರೂ ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರುವುದಿಲ್ಲ. ನಂತರ ನಾಣ್ಯದಂತಹ ಸಿಆರ್2032 ಬ್ಯಾಟರಿಯನ್ನು ಐದು ನಿಮಿಷ ತೆಗೆದಿಟ್ಟು ಮತ್ತೆ ಹಾಕಿ. ಹಿಂದಿನ ಮಾಲೀಕ ಮಾಡಿಟ್ಟ ವಿಚಿತ್ರ ಸೆಟ್ಟಿಂಗುಗಳು ಅಳಿಸಿಹೋಗುತ್ತವೆ.

ಹಳೆಯ ಭಾಗಗಳಲ್ಲಿ ಇನ್ನೊಂದು ತೊಡಕಿದೆ. ರೈಜನ್ ಪ್ರೊಸೆಸರುಗಳಿಗೆಂದಿರುವ ಬಿ450 ಬೋರ್ಡುಗಳು ಬಂದದ್ದು 2018ರಲ್ಲಿ, ರೈಜನ್ 5000 ಸರಣಿ 2020ರಲ್ಲಿ. ಹಳೆಯ ಬಯಾಸ್ (ಕಂಪ್ಯೂಟರನ್ನು ಚಾಲೂ ಮಾಡುವ, ಬೋರ್ಡಿನೊಳಗಿನ ತಂತ್ರಾಂಶ) ಇರುವ ಬೋರ್ಡಿಗೆ ಆ ಪ್ರೊಸೆಸರ್ ಯಾರೆಂದೇ ಗೊತ್ತಿರುವುದಿಲ್ಲ. ಎರಡೂ ಆರೋಗ್ಯವಾಗಿದ್ದರೂ ಪರದೆ ಕಪ್ಪಾಗಿಯೇ ಇರುತ್ತದೆ. ಬಯಾಸ್ ಅಪ್‌ಡೇಟ್ ಮಾಡಿಸದೆ ಬೇರೆ ದಾರಿಯಿಲ್ಲ.

ಡಿಸ್‌ಪ್ಲೇ ಬಂತೇ? ತೆಗೆದಿಟ್ಟ ಭಾಗಗಳನ್ನು ಒಂದೊಂದಾಗಿ ಸೇರಿಸಿ, ಪ್ರತಿ ಸಲವೂ ಆನ್ ಮಾಡಿ ನೋಡಿ. ಎರಡನ್ನು ಒಟ್ಟಿಗೆ ಸೇರಿಸಿದರೆ ತಪ್ಪು ಯಾವುದರದೆಂದು ತಿಳಿಯುವುದಿಲ್ಲ.

ಓಡುತ್ತಾ ಓಡುತ್ತಾ ನಿಂತುಬಿಟ್ಟರೆ

ಕಂಪ್ಯೂಟರಿನಲ್ಲಿ ನಡೆದದ್ದನ್ನು ದಾಖಲಿಸಿ ತೋರಿಸುವ ವಿಂಡೋಸಿನ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಎಂಬ ಸಾಲು ಕಂಡು ಹಲವರು ರೋಗ ಸಿಕ್ಕಿತೆಂದು ಹಿಗ್ಗುತ್ತಾರೆ. ಕಂಪ್ಯೂಟರ್ ಸರಿಯಾಗಿ ಮುಚ್ಚದೆ ಆರಿತು ಎಂದಷ್ಟೇ ಅದರ ಅರ್ಥ; ಅದು ನಿಮಗೆ ಮೊದಲೇ ಗೊತ್ತಿತ್ತು. ‘ವಿಯಾ-ಲಾಗರ್’ (WHEA-Logger) ಸಾಲುಗಳಿದ್ದರೆ ಮಾತ್ರ ಯಂತ್ರಾಂಶದ ಕಡೆಗೆ ನಿಜವಾದ ಸುಳಿವು ಸಿಕ್ಕಂತೆ.

ಬೇರೆ ಬೇರೆ ಕಂಪನಿಯ ಎರಡು ರ್ಯಾಮ್ ಹಾಕಿದ್ದರೆ ಬಯಾಸಿನಲ್ಲಿ ರ್ಯಾಮಿನ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಸೆಟ್ಟಿಂಗನ್ನು ಆಫ್ ಮಾಡಿ. ರಾತ್ರಿ ಪೂರ್ತಿ ರ್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶ ಓಡಲು ಬಿಡಿ. ಬೆಳಿಗ್ಗೆ ಒಂದೇ ಒಂದು ದೋಷ ಕಂಡರೂ ‘ಒಂದೇ ತಾನೇ’ ಎನ್ನಬೇಡಿ. ರ್ಯಾಮುಗಳನ್ನು ಒಂದೊಂದಾಗಿ ಪರೀಕ್ಷಿಸಿ ಕೆಟ್ಟದ್ದನ್ನು ಬೇರ್ಪಡಿಸಿ.

ಬರೀ ಟೈಪಿಂಗ್ ಮಾಡುವಾಗ ಸುಮ್ಮನಿದ್ದು, ಗೇಮ್ ತೆರೆದೊಡನೆ ಇಡೀ ಕಂಪ್ಯೂಟರ್ ಆರಿದರೆ ಎಸ್‌ಎಂಪಿಎಸ್ ಹಿಡಿಯಿರಿ. ಬೋರ್ಡಿನ ಸ್ಲಾಟ್ ಗ್ರಾಫಿಕ್ಸ್ ಕಾರ್ಡಿಗೆ ಗರಿಷ್ಠ 75 ವ್ಯಾಟ್ ಕೊಡುತ್ತದೆ. ಆರು ಪಿನ್ನಿನ ಕೇಬಲ್ 75, ಎಂಟು ಪಿನ್ನಿನದು 150. ಹಾರ್ಡ್ ಡಿಸ್ಕಿನ ಕೇಬಲ್ಲಿಗೆ ಕನ್ವರ್ಟರ್ ಸಿಕ್ಕಿಸಿ ಎಂಟು ಪಿನ್ ಮಾಡಿಕೊಂಡಿದ್ದರೆ ಅದನ್ನು ಈ ಕ್ಷಣವೇ ತೆಗೆಯಿರಿ, ಅದು ಸುಡಬಲ್ಲದು. ಮಲ್ಟಿಮೀಟರ್ ಬಳಸಿ ಗೊತ್ತಿರುವವರು 12 ವೋಲ್ಟಿನ ತಂತಿಯನ್ನು ಅಳೆಯಬಹುದು. ಅದು 11.4ರಿಂದ 12.6ರ ಒಳಗಿರಬೇಕು, ಅಳೆಯುವುದು ಗೇಮ್ ಓಡುತ್ತಿರುವಾಗ. ಖಾಲಿ ಇದ್ದಾಗ ಕೆಟ್ಟ ಎಸ್‌ಎಂಪಿಎಸ್ ಕೂಡ ಸಭ್ಯವಾಗಿ 12 ತೋರಿಸಬಹುದು. ಎಲ್ಲಕ್ಕಿಂತ ಸುಲಭದ ಪರೀಕ್ಷೆಯೆಂದರೆ ಗೆಳೆಯನ ಒಳ್ಳೆಯ ಎಸ್‌ಎಂಪಿಎಸ್ ಒಂದು ದಿನ ಕಡ ತರುವುದು. ಬಿಡಿಸಿ ತೆಗೆಯುವ ಕೇಬಲ್ ಇದ್ದರೆ ಅದರದೇ ಕೇಬಲ್ಲುಗಳನ್ನೂ ತನ್ನಿ, ಬೇರೆ ಕಂಪನಿಯದು ಹೊಂದಿಕೊಂಡಂತೆ ಕಂಡರೂ ಬೋರ್ಡನ್ನು ಸುಟ್ಟೀತು. ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆಂದರೆ ಮನೆಯ ಅರ್ಥಿಂಗ್ ನೋಡಿಸಿ.

ಇನ್ನು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ತಾಪಮಾನ 40 ಡಿಗ್ರಿ ದಾಟುತ್ತದೆ. ಕೋಣೆಯ ಬಿಸಿ ಎಷ್ಟು ಡಿಗ್ರಿ ಏರಿದರೆ ಪ್ರೊಸೆಸರಿನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಏರುತ್ತದೆ: 25 ಡಿಗ್ರಿಯ ಕೋಣೆಯಲ್ಲಿ 75 ತೋರಿಸಿದ್ದು 42ರಲ್ಲಿ 92ಕ್ಕೆ ಏರುತ್ತದೆ. ಮಾರಿದವರು ಡಿಸೆಂಬರಿನಲ್ಲಿ ‘ಚೆನ್ನಾಗಿ ಓಡುತ್ತದೆ’ ಎಂದದ್ದು ಸುಳ್ಳಾಗಿರಲಿಕ್ಕಿಲ್ಲ. ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿ. ಹತ್ತಿ ಮಿಲ್ಲು, ಅಕ್ಕಿ ಗಿರಣಿಗಳ ಪಕ್ಕದ ಮನೆಗಳಲ್ಲಿ ಹೀಟ್‌ಸಿಂಕಿನ ಸಂದುಗಳನ್ನೂ ನೋಡಿ. ಧೂಳು ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿಯಿರಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಡ, ಗಾಳಿಯ ಜೊತೆ ನೀರು, ಎಣ್ಣೆಯೂ ಬರುತ್ತದೆ.

ಕೊನೆಗೆ ಗ್ರಾಫಿಕ್ಸ್ ಕಾರ್ಡ್

ಬಣ್ಣದ ಚೌಕಗಳು, ಗೆರೆಗಳು ಬಯಾಸ್ ಪರದೆಯಲ್ಲೇ ಕಂಡರೆ, ಕೇಬಲ್ ಮತ್ತು ಮಾನಿಟರ್ ಬದಲಿಸಿದರೂ ಹೋಗದಿದ್ದರೆ, ಕಾರ್ಡೇ ಕೆಟ್ಟಿರುವ ಸಂಭವ ಹೆಚ್ಚು. ವಿಂಡೋಸ್ ತೆರೆದ ಮೇಲಷ್ಟೇ ಕಂಡರೆ ಸೇಫ್ ಮೋಡಿನಲ್ಲಿ ಡಿಡಿಯು ತಂತ್ರಾಂಶದಿಂದ ಹಳೆಯ ಡ್ರೈವರನ್ನು ಪೂರ್ತಿ ಅಳಿಸಿ, ಹೊಸದಾಗಿ ಹಾಕಿ ನೋಡಿ. ಕ್ರಿಪ್ಟೋ ಮೈನಿಂಗಿನಲ್ಲಿ ದುಡಿದ ಆರ್‌ಎಕ್ಸ್ 580ರಂತಹ ಕಾರ್ಡುಗಳಲ್ಲಿ ಬದಲಾಯಿಸಿದ ಬಯಾಸ್ ಇರುವುದುಂಟು. ಮೂಲ ಬಯಾಸ್ ಹಾಕಿದರೆ ಕೆಲವು ಸುಧಾರಿಸುತ್ತವೆ. ಕಾರ್ಡನ್ನು ಓವನ್ನಿನಲ್ಲಿ ಬೇಯಿಸುವ ಸಲಹೆಯನ್ನು ನಂಬಬೇಡಿ, ಸರಿಹೋದಂತೆ ಕಂಡರೂ ಬಾಳುವುದಿಲ್ಲ, ಅಡುಗೆಮನೆ ತುಂಬ ವಿಷದ ಹೊಗೆ.

ಕಾರ್ಡೇ ತಪ್ಪಿತಸ್ಥ ಎಂದು ಖಾತ್ರಿಯಾದರೆ ವಾಪಸಾತಿಯ ಅವಧಿ ಮುಗಿಯುವ ಮುನ್ನ ದೋಷದ ವಿಡಿಯೊ ತೆಗೆಯಿರಿ, ಸೀರಿಯಲ್ ನಂಬರಿನ ಚೀಟಿ ಅದೇ ವಿಡಿಯೊದಲ್ಲಿ ಕಾಣಲಿ. ‘ಇದು ನಾನು ಮಾರಿದ ಕಾರ್ಡೇ ಅಲ್ಲ’ ಎನ್ನುವ ಅವಕಾಶ ಆಗ ಮಾರಿದವರಿಗೆ ಇರುವುದಿಲ್ಲ.