ದಂತದ ಹಾಗೆ ಕಾಣುವ ಕೆತ್ತನೆ ಕೊಳ್ಳುವವರಿಗೆ ಒಂದು ಸಲಹೆ

ಬೆಂಗಳೂರಿನ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಬಿಳಿಯ ಕೆತ್ತನೆಯ ಡಬ್ಬಿ, ಬಾಚಣಿಗೆ ಕಂಡರೆ ಮೊದಲು ಅಂಚನ್ನು ನೋಡಿ. ಅಕ್ಕಸಾಲಿಗರು ಬಳಸುವಂಥ ಭೂತಗನ್ನಡಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೊಬೈಲ್ ಕ್ಯಾಮೆರಾ ಸಾಕು. ಸಣ್ಣ ಕಪ್ಪು ಚುಕ್ಕೆ, ಗೀರುಗಳು ಕಂಡರೆ ಅದು ಮೂಳೆ. ರಕ್ತನಾಳಗಳು ಹಾದುಹೋದ ಗುರುತುಗಳವು. ಅಡ್ಡ ಕೊಯ್ದ ಭಾಗದಲ್ಲಿ ಒಂದನ್ನೊಂದು ಕತ್ತರಿಸುವ ವಕ್ರರೇಖೆಗಳ ಜಾಲವಿದ್ದರೆ ಆನೆದಂತ. ಏನೂ ಇಲ್ಲದೆ ನುಣ್ಣಗಿದ್ದು, ಅಚ್ಚಿನ ಗೆರೆ ಕಂಡರೆ ಬಹುಮಟ್ಟಿಗೆ ರಾಳ (ರೆಸಿನ್, ಅಚ್ಚಿಗೆ ಸುರಿದು ಮಾಡುವ ಪ್ಲಾಸ್ಟಿಕ್‌ನಂಥ ವಸ್ತು). ಕಾಯಿಸಿದ ಸೂಜಿ ಚುಚ್ಚಿ ಪರೀಕ್ಷಿಸುವ ಸಾಹಸ ಬೇಡ, ವಸ್ತು ಹಾಳಾಗುತ್ತದೆ.

ಅಂಗಡಿಯವರು “ತಾತನ ಕಾಲದ ದಂತ, ಬಿಲ್ ಕೇಳಬೇಡಿ” ಎಂದರೆ ಅಲ್ಲಿಂದ ಹೊರಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಆನೆದಂತದ ವ್ಯಾಪಾರ ಅಪರಾಧ. ತಿಮಿಂಗಿಲ ಬೇಟೆಯ ನಾವಿಕರು ತಿಮಿಂಗಿಲದ ಹಲ್ಲಿನ ಮೇಲೆ ಗೀರಿ, ಗೀರಿಗೆ ಮಸಿ ತುಂಬುತ್ತಿದ್ದ ಸ್ಕ್ರಿಮ್‌ಶಾ ಕಲೆ ಸೊಗಸಾದದ್ದೇ, ಆದರೆ ಆ ಹಲ್ಲಿಗೂ ಇದೇ ಕಾಯ್ದೆ ಅನ್ವಯಿಸುತ್ತದೆ. ಆ ಕಲೆಯನ್ನು ಕಲಿಯುವ ಆಸೆಯಿದ್ದರೆ ನಯಗೊಳಿಸಿದ ಎಮ್ಮೆಯ ಮೂಳೆ ಅಥವಾ ರಾಳದ ತುಂಡಿನ ಮೇಲೆ ಗೀರಬಹುದು.

ನನ್ನನ್ನು ಕೇಳಿದರೆ ಮೈಸೂರಿನ ಬೀಟೆ ಮರದ ಕುಸುರಿಯೇ ಚೆಂದ. ಹಿಂದೆ ಅದರಲ್ಲಿ ದಂತ ಕೂರಿಸುತ್ತಿದ್ದರು. ಈಗ ಬೇರೆ ಬೇರೆ ಬಣ್ಣದ ಮರದ ತುಣುಕು, ಪ್ಲಾಸ್ಟಿಕ್ ಬಳಸುತ್ತಾರೆ. ಬೆಂಗಳೂರಿನ ಎಂ.ಜಿ. ರಸ್ತೆಯ ಕಾವೇರಿ ಎಂಬ ಸರ್ಕಾರಿ ಕರಕುಶಲ ಮಳಿಗೆಯಲ್ಲಿ ನೋಡಬಹುದು. ಕೊಳ್ಳುವಾಗ ಬೆರಳಾಡಿಸಿ: ತುಣುಕು ಮರದ ಮಟ್ಟಕ್ಕೇ ಕೂತಿರಬೇಕು. ಬಿಲ್ ಮೇಲೆ ಯಾವ ವಸ್ತು ಎಂದು ಬರೆಸಿಕೊಳ್ಳಿ. ಮನೆಯಲ್ಲಿ ಒಣ ಬಟ್ಟೆಯಿಂದಷ್ಟೇ ಒರೆಸಿ, ಬಿಸಿಲಿಗೆ ಇಡಬೇಡಿ.