ಕ್ಯಾನ್ಸರ್ ಚಿಕಿತ್ಸೆ: ದುಡ್ಡಿನ ಮಾತು ಮೊದಲೇ ಆಡಿ

ಕ್ಯಾನ್ಸರ್ ಚಿಕಿತ್ಸೆ ಎಲ್ಲರಿಗೂ ಉಚಿತವಾಗಬೇಕು ಅನ್ನುವವಳು ನಾನು. ಆದರೆ ಅಲ್ಲಿಯವರೆಗೆ ಗಡ್ಡೆ ಕಾಯುವುದಿಲ್ಲ, ಅಲ್ವಾ? ಅಮ್ಮನ ಸ್ತನ ಕ್ಯಾನ್ಸರ್ ನನಗೆ ಕಲಿಸಿದ್ದು ಇಷ್ಟು.

ಮೊದಲ ಕೀಮೋಗೆ ಮುಂಚೆಯೇ ಇಡೀ ಚಿಕಿತ್ಸೆಯ ಅಂದಾಜು ಖರ್ಚನ್ನು ಬರೆಸಿಕೊಳ್ಳಿ. ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತರಿದ್ದರೆ (ರೋಗಿಗಳಿಗೆ ನೆರವಿನ ದಾರಿ ತೋರಿಸುವ ಸಿಬ್ಬಂದಿ) ಅವತ್ತೇ ಕಾಣಿ. ನಾನು ಸಂಕೋಚಪಟ್ಟು ತಡ ಮಾಡಿದೆ. ಅಷ್ಟರಲ್ಲಿ ಕಟ್ಟಿದ ದುಡ್ಡು ವಾಪಸ್ ಬರಲೇ ಇಲ್ಲ. ಎಷ್ಟೋ ನೆರವಿನ ಯೋಜನೆಗಳಿಗೆ ಮುಂಚಿತವಾಗಿ ಒಪ್ಪಿಗೆ ಬೇಕು.

ಔಷಧಿ ಬರೆದಾಗ ವೈದ್ಯರನ್ನು ನೇರವಾಗಿ ಕೇಳಿ: "ಇದರ ಜನರಿಕ್ ಇದೆಯಾ? ಬಯೋಸಿಮಿಲರ್ ಆಗುತ್ತಾ?" ಜನರಿಕ್ ಅಂದರೆ ಬೇರೆ ಕಂಪನಿ ತಯಾರಿಸುವ ಅದೇ ಔಷಧಿ. ಬಯೋಸಿಮಿಲರ್ ಅಂದರೆ ಜೀವಕೋಶಗಳಿಂದ ತಯಾರಾಗುವ ಔಷಧಿಗೆ ಅದರಷ್ಟೇ ಕೆಲಸ ಮಾಡುವ, ತೀರಾ ಹತ್ತಿರದ ಬದಲಿ. ಸ್ತನ ಕ್ಯಾನ್ಸರಿನ ಔಷಧಿ ಟ್ರಾಸ್ಟುಜುಮ್ಯಾಬ್‌ಗೆ ಬಯೋಸಿಮಿಲರ್‌ಗಳಿವೆ. ಅದೇ ಕಾಯಿಲೆಗೆ ಕೊಡುವ ಟ್ಯಾಮಾಕ್ಸಿಫೆನ್ ಹಳೆಯ, ಅಗ್ಗದ ಮಾತ್ರೆ. ಎರಡೂ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಕೇಳಿದರೆ ವೈದ್ಯರಿಗೆ ಬೇಜಾರಾಗುತ್ತದೆ ಅಂತ ಸುಮ್ನೆ ಹೆದರಿದ್ದೆ. ಆದರೆ ನೀವಾಗಿಯೇ ಔಷಧಿ ಬದಲಿಸಬೇಡಿ.

ಬಯಾಪ್ಸಿ ವರದಿ, ಸ್ಕ್ಯಾನ್, ಬಿಲ್ಲು ಎಲ್ಲ ಒಂದೇ ಫೈಲಿನಲ್ಲಿರಲಿ. ಆಸ್ಪತ್ರೆ ಬದಲಿಸಿದಾಗ ಕೆಲವು ಪರೀಕ್ಷೆಯನ್ನಾದರೂ ಮತ್ತೆ ಮಾಡಿಸುವುದು ತಪ್ಪುತ್ತದೆ.

ಉಚಿತ ಅಂದ ಕಡೆಯೂ ಲೆಕ್ಕ ಹಾಕಿ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ 1948ರಿಂದ ಆಸ್ಪತ್ರೆಯ ಚಿಕಿತ್ಸೆ ಉಚಿತ. ಆದರೂ ರೇಡಿಯೇಷನ್‌ಗೆ ವಾರಗಟ್ಟಲೆ ಓಡಾಡುವುದು, ಜೊತೆಗಿರುವವರ ಸಂಬಳ ಕಡಿತ, ಇವು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ನಮಗೆ ಜಾಸ್ತಿ ಹೊಡೆತ ಕೊಟ್ಟಿದ್ದೂ ಅದೇ.